ಸಾಧಾರಣ ಪ್ರಯತ್ನ

ನಾನು ಕೈ ಎತ್ತಿದ್ದು ಸರಿಯಾಗಿತ್ತು. ನಮ್ಮ ಊರು ಬ್ರೆನನ್ಸ್ ಪ್ಯಾಚಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ, ಹೇಳುವವರೂ ಯಾರೂ ಇಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನನ್ನ ಹೆಸರು ಲೊನ್ನಿ ಯುರ್ಕನಿನ್. ಟೈರ್ ಅಂಗಡಿಯಲ್ಲಿ ಕೆಲಸ. ಭಾನುವಾರ ಕಣಿವೆಯ ಬೇಸ್‌ಬಾಲ್ ಲೀಗಿನಲ್ಲಿ ಅಂಪೈರ್. 'ವಾರವೆಲ್ಲ ಟೈರು, ಭಾನುವಾರ ಅಂಪೈರು' ಎಂದು ಅಂಗಡಿಯವರು ಹಾಡು ಕಟ್ಟಿದ್ದರು. ಮೂರು ವರ್ಷದಿಂದ ನಾನು ಬೇಸಿನ ಅಂಪೈರ್, ಅಂದರೆ ಮೈದಾನದ ನಡುವೆ ನಿಂತು ಓಟಗಾರರನ್ನು ನೋಡಿಕೊಳ್ಳುವವನು. ಹೊಡೆಯುವವನು ನಿಲ್ಲುವ ಪ್ಲೇಟಿನ ಹಿಂದೆ ಮಾಸ್ಕ್ ಹಾಕಿಕೊಂಡು ನಿಂತು ಒಂದೊಂದು ಎಸೆತಕ್ಕೂ ತೀರ್ಪು ಕೊಡುವ ಜಾಗ ಫೆಟರಾಲ್ಫನದು. ನನಗೆ ಬೇಕಾಗಿದ್ದದ್ದು ಆ ಜಾಗ. ಆಗಸ್ಟಿನಲ್ಲಿ ರಾಜ್ಯ ಪಂದ್ಯಾವಳಿ ನಡೆಯುತ್ತದೆ. ಅಲ್ಲಿ ಪ್ಲೇಟಿನ ಹಿಂದೆ ನಿಂತವರನ್ನು ನೋಡಲು ದೊಡ್ಡ ಲೀಗುಗಳ ಜನ ಬರುತ್ತಾರೆ, ಒಬ್ಬಿಬ್ಬರನ್ನು ಆರಿಸಿಕೊಂಡು ಹೋಗುತ್ತಾರೆ. ನಮ್ಮ ಕಣಿವೆಯಿಂದ ಯಾರು ಹೋಗಬೇಕು ಎಂಬ ಪಟ್ಟಿ ಬರೆಯುವವನೂ ಫೆಟರಾಲ್ಫನೇ. ಹಳೆಯ ಸಾಮಾನಿನ ಅಂಗಡಿಯಿಂದ ತಂದ ಒಂದು ಮಾಸ್ಕ್ ಟೈರ್ ಅಂಗಡಿಯ ಮೊಳೆಯಲ್ಲಿ ಮೂರು ವರ್ಷದಿಂದ ತೂಗುತ್ತಿತ್ತು. ಒಂದು ಪಂದ್ಯಕ್ಕೂ ಹಾಕಿರಲಿಲ್ಲ.

ಫೆಟರಾಲ್ಫ್ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಎದುರಿಗೆ 'ಸಾರ್', ಇಲ್ಲಿ ಬರೆಯುವಾಗ ಅವನು. ಹತ್ತನೇ ತರಗತಿಯಲ್ಲಿ ಒಂದು ದಿನ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಲೆಕ್ಕ ಬರೆದು, ಕೈಕಟ್ಟಿಕೊಂಡು ಕಾದ. ಬೈಯಲಿಲ್ಲ, ಹೇಳಿಕೊಡಲೂ ಇಲ್ಲ. ಹತ್ತು ನಿಮಿಷ ಇಡೀ ತರಗತಿ ನನ್ನ ಬೆನ್ನು ನೋಡಿತು. ಸೀಮೆಸುಣ್ಣ ಕೆಳಗಿಟ್ಟು ಹೊರಟವನು ಮತ್ತೆ ಆ ಕಟ್ಟಡಕ್ಕೆ ಕಾಲಿಡಲಿಲ್ಲ. ಆದರೆ ಆಟದ ನಿಯಮದ ಪುಸ್ತಕ ನನಗೆ ಬಾಯಿಪಾಠ. ಅದನ್ನು ಯಾರೂ ಬೋರ್ಡಿನ ಮುಂದೆ ನಿಲ್ಲಿಸಿ ಕಲಿಸಲಿಲ್ಲ.

ಈಗ ನಿಯಮ ಹೇಳಬೇಕು. ಕಷ್ಟದ್ದೇನಲ್ಲ, ಕಷ್ಟ ಎಂದು ನಟಿಸುವವರೇ ಹೆಚ್ಚು. ಒಂದನೇ ಬೇಸಿನಲ್ಲಿ ಒಬ್ಬ ಓಟಗಾರ, ಎರಡನೇ ಬೇಸಿನಲ್ಲಿ ಇನ್ನೊಬ್ಬ. ಮೂರು ಔಟಿಗೆ ಹೊಡೆಯುವವರ ಸರದಿ ಮುಗಿಯುತ್ತದೆ; ಔಟ್ ಇನ್ನೂ ಎರಡಾಗಿಲ್ಲ, ಆಗಿದ್ದರೆ ಈ ನಿಯಮವೇ ಇಲ್ಲ. ಹೊಡೆದ ಚೆಂಡು ದೂರ ಹೋಗದೆ ಬೇಸುಗಳ ಅಂಗಳದಲ್ಲೇ ನೆಟ್ಟಗೆ ಮೇಲಕ್ಕೆ ಹಾರಿತು ಅನ್ನಿ. ಯಾರಾದರೂ ಹಿಡಿದೇ ಹಿಡಿಯುತ್ತಾರೆ, ಹಿಡಿದಾಗ ಬೇಸು ಬಿಟ್ಟಿದ್ದರೆ ತಾವೂ ಔಟಾಗಬಹುದು ಎಂದು ಓಟಗಾರರು ತಮ್ಮ ತಮ್ಮ ಬೇಸಿಗೆ ಅಂಟಿಕೊಂಡು ನಿಲ್ಲುತ್ತಾರೆ. ಕೆಳಗೆ ಕಾಯುವವನು ಕಿಲಾಡಿಯಾಗಿದ್ದರೆ ಹಿಡಿಯುವುದಿಲ್ಲ, ನೆಲಕ್ಕೆ ಬೀಳಲು ಬಿಡುತ್ತಾನೆ. ಬಿತ್ತೆಂದರೆ ಓಟಗಾರರು ಮುಂದಿನ ಬೇಸಿಗೆ ಓಡಲೇಬೇಕು. ನಿಂತಲ್ಲಿಂದ ಓಡಿ ತಲುಪುವುದರೊಳಗೆ ಚೆಂಡು ಅಲ್ಲಿರುತ್ತದೆ. ಒಬ್ಬ ಔಟಾಗುವ ಕಡೆ ಇಬ್ಬರು. ಈ ಮೋಸ ತಡೆಯಲೆಂದೇ, ಚೆಂಡು ಇನ್ನೂ ಗಾಳಿಯಲ್ಲಿರುವಾಗ ಅಂಪೈರ್ ಬಲಗೈ ಮೇಲೆತ್ತಿ, ಬೆರಳು ಆಕಾಶಕ್ಕೆ ತೋರಿಸಿ, 'ಇನ್‌ಫೀಲ್ಡ್ ಫ್ಲೈ!' ಎಂದು ಕೂಗಬೇಕು. ಅಷ್ಟಕ್ಕೇ ಹೊಡೆದವನು ಔಟ್. ಆಮೇಲೆ ಚೆಂಡು ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಓಟಗಾರರು ಇದ್ದಲ್ಲೇ ಕ್ಷೇಮ.

ಒಂದೇ ಒಂದು ಮುಳ್ಳಿದೆ. ಆ ಚೆಂಡು ಸಾಧಾರಣ ಪ್ರಯತ್ನದಿಂದ ಹಿಡಿಯಬಹುದಾದದ್ದು ಆಗಿರಬೇಕು. ಯಾರ ಸಾಧಾರಣ? ಆ ಲೀಗಿನಲ್ಲಿ ಆ ಜಾಗದಲ್ಲಿ ಆಡುವ ನಡುತರದ ಆಟಗಾರನದು, ಅವತ್ತಿನ ಗಾಳಿ, ಅವತ್ತಿನ ನೆಲ ನೋಡಿಕೊಂಡು. ಅಂದರೆ ಕೈ ಎತ್ತುವಾಗ ನಮ್ಮ ಕಡೆಯ ಮನುಷ್ಯನಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂದು ತೀರ್ಪು ಕೊಡುತ್ತೇನೆ. ಎತ್ತದಿದ್ದರೆ ಅದೂ ತೀರ್ಪೇ.

ಇಂಥ ಸ್ಥಿತಿ ಬಂದಾಗಲೆಲ್ಲ ಅಂಪೈರುಗಳು ಒಬ್ಬರಿಗೊಬ್ಬರು ಸನ್ನೆ ಮಾಡಿಕೊಳ್ಳುತ್ತೇವೆ. ಎಷ್ಟು ಔಟ್ ಆಗಿದೆಯೋ ಅಷ್ಟು ಬೆರಳನ್ನು ಟೋಪಿಯ ಅಂಚಿಗೆ ಮುಟ್ಟಿಸುವುದು. ಒಬ್ಬ ಮಾಡಿದರೆ ಇನ್ನೊಬ್ಬ ತಿರುಗಿ ಮಾಡಬೇಕು. ತಿರುಗಿ ಬರದಿದ್ದರೆ ಆಟ ನಿಲ್ಲಿಸಿ ಕೇಳಬೇಕು. ಮೇ ತಿಂಗಳಲ್ಲಿ ಒಮ್ಮೆ ಹಾಗೆ ನಿಲ್ಲಿಸಿ ಕೇಳಿದ್ದೆ. ಫೆಟರಾಲ್ಫ್ ಮಾಸ್ಕ್ ತೆಗೆದು, ಪ್ರೇಕ್ಷಕರಿಗೆ ಕೇಳುವ ಹಾಗೆ ಹೇಳಿದ: "ಎಣಿಸೋ ಕೆಲಸ ನಂಗೆ ಬಿಡಪ್ಪಾ ಲೊನ್ನಿ. ನಿನ್ ಲೆಕ್ಕ ಎಷ್ಟು ಅಂತ ಹತ್ತನೇ ಕ್ಲಾಸಲ್ಲೇ ನೋಡಿದೀನಿ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನಾನು ಆಟ ನಿಲ್ಲಿಸಲಿಲ್ಲ.

ಜುಲೈ ಕೊನೆಯ ಭಾನುವಾರ ಫೈನಲ್. ನಮ್ಮ ಪ್ಯಾಚಿನವರಿಗೂ ಔಲ್ ಕ್ರೀಕಿನವರಿಗೂ. ಔಲ್ ಕ್ರೀಕ್ ಎಂದರೆ ಹೆದ್ದಾರಿ ಪಕ್ಕದ ಹೊಸ ಮನೆಗಳ ಊರು. ಅವರ ಸಮವಸ್ತ್ರದಲ್ಲಿ ಇಸ್ತ್ರಿಯ ಗೆರೆ ಇರುತ್ತದೆ. ನಮ್ಮವರ ಅಂಗಿಯಲ್ಲಿ ಕಲ್ಲಿದ್ದಲು ದಿಬ್ಬದ ಕರಿ ಧೂಳು, ಎಷ್ಟು ಒಗೆದರೂ ಹೋಗುವುದಿಲ್ಲ. ಪ್ಯಾಚ್ ಗೆದ್ದು ಹತ್ತೊಂಬತ್ತು ವರ್ಷವಾಗಿತ್ತು. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಗೆದ್ದವರ ಹೆಸರು ಕೆತ್ತಿದ ಮರದ ಹಲಗೆ ಇದೆ. ಕೊನೆಯ ಸಾಲಿನಲ್ಲಿರುವವರಲ್ಲಿ ಅರ್ಧ ಜನ ಈಗ ಸ್ಮಶಾನದಲ್ಲಿದ್ದಾರೆ.

ಕೊನೆಯ ಇನಿಂಗ್ಸ್. ಔಲ್ ಕ್ರೀಕಿನವರು ಹೊಡೆಯುತ್ತಿದ್ದರು. ನಮ್ಮವರು ಒಂದು ರನ್ ಮುಂದೆ. ಮೊದಲನೆಯವನು ಔಟ್. ಎರಡನೆಯವನು ಹೊಡೆದು ಒಂದನೇ ಬೇಸು ಸೇರಿದ. ಮೂರನೆಯವನು ಮೂರನೇ ಸಲ ಬೀಸಿ ತಪ್ಪಿದ, ಔಟ್ ಎಂದು ಫೆಟರಾಲ್ಫ್ ಮುಷ್ಟಿ ಎತ್ತಿದ. ಇಲ್ಲ, ಬ್ಯಾಟಿಗೆ ಚೂರು ತಾಗಿ ಚೆಂಡು ನೆಲಕ್ಕೆ ಬಿದ್ದಿದೆ ಎಂದು ಅವರ ಕಡೆಯ ಮ್ಯಾನೇಜರ್ ಹಾಟನ್‌ಸ್ಟೀನ್ ಕಿರುಚಿದ. ಫೆಟರಾಲ್ಫ್ ಚೆಂಡು ನೋಡಿ, ಹೌದೆಂದು ಔಟ್ ರದ್ದು ಮಾಡಿದ. ಆ ಹುಡುಗ ಆಮೇಲೆ ನಾಲ್ಕು ಕೆಟ್ಟ ಎಸೆತ ಬಿಟ್ಟು ನಡೆದುಕೊಂಡೇ ಒಂದನೇ ಬೇಸಿಗೆ ಹೋದ, ಅಲ್ಲಿದ್ದವನು ಎರಡನೆಯದಕ್ಕೆ.

ಪ್ಲೇಟಿನ ಅಂಪೈರಿನ ಎಡ ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎಣಿಕೆಯ ಡಬ್ಬಿ ಇರುತ್ತದೆ. ಹೆಬ್ಬೆರಳಿನಿಂದ ಚಕ್ರ ತಿರುಗಿಸುತ್ತ ಔಟ್ ಎಷ್ಟಾಯಿತೆಂದು ನೆನಪಿಡುತ್ತಾರೆ. ಫೆಟರಾಲ್ಫ್ ಬಾಯಲ್ಲಿ ಔಟ್ ರದ್ದು ಮಾಡಿದ, ಹೆಬ್ಬೆರಳಿನಲ್ಲಿ ಮಾಡಲಿಲ್ಲ. ಆಗ ಅದು ನನಗೆ ಗೊತ್ತಾಗಲಿಲ್ಲ.

ನಾನು ಒಂದು ಬೆರಳನ್ನು ಟೋಪಿಗೆ ಮುಟ್ಟಿಸಿದೆ. ಒಂದು ಔಟ್. ಫೆಟರಾಲ್ಫ್ ಬಗ್ಗಿ ಮೊಣಕಾಲ ಕವಚದ ಪಟ್ಟಿ ಬಿಗಿಯುತ್ತಿದ್ದ. ಎದ್ದವನು ನನ್ನ ಕಡೆ ನೋಡಲೇ ಇಲ್ಲ. ಆಟ ನಿಲ್ಲಿಸಬೇಕಿತ್ತು. ಕೈ ಅರ್ಧ ಮೇಲೆ ಹೋಗಿತ್ತು ಕೂಡ. ಮೇ ತಿಂಗಳ ನಗು ಕಿವಿಯಲ್ಲಿತ್ತು, ಕೆಳಗಿಳಿಸಿದೆ. ಈ ಕತೆಯಲ್ಲಿ ನನ್ನ ಪಾಲಿನ ತಪ್ಪು ಅದೊಂದು.

ಮುಂದಿನ ಎಸೆತಕ್ಕೇ ಚೆಂಡು ಮೇಲೆ ಹೋಯಿತು. ನೆಟ್ಟಗೆ, ಎತ್ತರಕ್ಕೆ, ಎರಡನೇ ಮತ್ತು ಮೂರನೇ ಬೇಸಿನ ನಡುವೆ. ಅಲ್ಲಿ ನಿಲ್ಲುವವನು, ಅಂದರೆ ಶಾರ್ಟ್‌ಸ್ಟಾಪ್, ನಮ್ಮ ಗಸ್ ಡಲೇಸಿಯೊ. ಮೂವತ್ತೆಂಟು ವಯಸ್ಸು, ಜಲ್ಲಿ ಲಾರಿಯ ಡ್ರೈವರ್, ಹೊಟ್ಟೆ ಬೆಲ್ಟಿನ ಮೇಲೆ ಜೋತಿದೆ, ಆದರೆ ಈ ಕಣಿವೆಯಲ್ಲಿ ಅವನಂಥ ಕೈ ಇನ್ನೊಂದಿಲ್ಲ. ನಾನು ಮೊದಲ ಸಲ ಹಾಕಿಕೊಂಡ ಗ್ಲೌಸ್ ಅವನದು. ಚೆಂಡನ್ನು ಹಿಡಿಯಲು ಹೋಗಬೇಡ, ಅದು ಬರುವ ಜಾಗದಲ್ಲಿ ಮೊದಲೇ ಇರು ಎಂದು ಕಲಿಸಿದವನು ಅವನು.

ಗಸ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಬಸ್ಸಿಗೆ ಕಾಯುವವನ ಹಾಗೆ ನಿಂತ. ಗಾಳಿ ಇರಲಿಲ್ಲ, ಬೇಲಿಯ ಬಾವುಟ ಸತ್ತ ಕೋಳಿಯ ಹಾಗೆ ನೇತಾಡುತ್ತಿತ್ತು. ನನ್ನ ಬಲಗೈ ಮೇಲೆ ಹೋಯಿತು.

"ಇನ್‌ಫೀಲ್ಡ್ ಫ್ಲೈ! ಹೊಡೆದವನು ಔಟ್!"

ಓಟಗಾರರಿಬ್ಬರೂ ಅದನ್ನು ಕೇಳಿ ಬೇಸಿನ ಮೇಲೆ ಕಾಲೂರಿ ನಿಂತರು. ನಾನು ಕೂಗಿದರೆ ಫೆಟರಾಲ್ಫನೂ ಕೈ ಎತ್ತಿ ಕೂಗಬೇಕು, ಅದು ಕ್ರಮ. ಅವನು ಮಾಸ್ಕ್ ಕೈಯಲ್ಲಿ ಹಿಡಿದು ಸುಮ್ಮನೆ ಮೇಲೆ ನೋಡುತ್ತಿದ್ದ. ಗಸ್ ಒಂದು ಸಲ ಅವನ ಕಡೆ ಕಣ್ಣು ಹಾಯಿಸಿದ. ಗಸ್‌ಗೆ ಅಷ್ಟು ಸಾಕು. ನನ್ನ ಮಾತು ನಿಂತರೆ ಬಿಟ್ಟರೂ ನಷ್ಟವಿಲ್ಲ, ನಿಲ್ಲದಿದ್ದರೆ ಇಬ್ಬರು ಔಟ್. ಅರ್ಧ ಹೆಜ್ಜೆ ಹಿಂದಿಟ್ಟ. ಚೆಂಡು ಅವನ ಬೂಟಿನ ಮುಂದೆ ಧೂಳಿಗೆ ಬಿತ್ತು, ಗ್ಲೌಸಿಗೆ ಸೋಕಲೂ ಇಲ್ಲ. ಎತ್ತಿ ಮೂರನೇ ಬೇಸಿಗೆ ಎಸೆದ.

"ಔಟ್!" ಎಂದ ಫೆಟರಾಲ್ಫ್. ಅಂದವನೇ ಬೆನ್ನು ತಿರುಗಿಸಿ ಬೆಂಚಿನ ಕಡೆ ನಡೆದ.

ಮೂರನೇ ಬೇಸಿನವನು ಚೆಂಡನ್ನು ಎರಡನೆಯದಕ್ಕೆ ಎಸೆದದ್ದು ಅವನು ಬೆನ್ನು ತಿರುಗಿಸಿದ ಮೇಲೆ. ಅದನ್ನು ಅವನು ನೋಡಲೇ ಇಲ್ಲ. ಮೊದಲೇ ಎರಡು ಔಟ್ ಆಗಿದ್ದರೆ ಆಟ ಮುಗಿಯಲು ಇನ್ನೊಂದು ಸಾಕು, ಮನೆಗೆ ಹೋಗಬಹುದು. ಒಂದೇ ಆಗಿದ್ದರೆ ಇನ್ನೂ ಎರಡು ಬೇಕು. ಫೆಟರಾಲ್ಫ್ ಮನೆಗೆ ಹೊರಟಿದ್ದ.

ಹಾಟನ್‌ಸ್ಟೀನ್ ಓಡಿ ಬಂದ. ಮುಖ ಬೀಟ್‌ರೂಟ್ ಆಗಿತ್ತು.

"ಏನ್ರೀ ಫೆಟರಾಲ್ಫ್! ನಿಮ್ ಅಂಪೈರೇ ಕೈ ಎತ್ತಿದಾನೆ, ಕೂಗಿದಾನೆ! ನಮ್ಮೋರು ಅದಕ್ಕೇ ನಿಂತಿದ್ದು! ಅದೋ ನೋಡಿ, ಇನ್ನೂ ಎತ್ಕೊಂಡೇ ನಿಂತಿದಾನೆ!"

ನಿಜ, ನನ್ನ ಕೈ ಇನ್ನೂ ಮೇಲೇ ಇತ್ತು.

ಫೆಟರಾಲ್ಫ್ ನನ್ನ ಮೊಣಕೈ ಹಿಡಿದು ದೂರಕ್ಕೆ ಕರೆದುಕೊಂಡು ಹೋದ. ಹಲ್ಲು ಕಚ್ಚಿಕೊಂಡೇ ಮಾತಾಡಿದ.

"ಎರಡು ಔಟ್ ಆದ್ಮೇಲೆ ಎಂಥದ್ದೋ ಇನ್‌ಫೀಲ್ಡ್ ಫ್ಲೈ? ತಲೆ ಕೆಟ್ಟಿದ್ಯಾ?"

"ಒಂದೇ, ಸಾರ್."

"ಎರಡು."

"ಒಂದು. ಆ ಎರಡನೇ ಔಟ್ ನೀವೇ ರದ್ದು ಮಾಡಿದ್ರಲ್ಲ."

ಅವನು ಅಂಗೈ ನೋಡಿಕೊಂಡ. ಆ ಮುಖವನ್ನು ನಾನು ಮರೆಯುವುದಿಲ್ಲ. ಬೋರ್ಡಿನ ಮುಂದೆ ನಿಂತವನ ಮುಖ. ಹೆಬ್ಬೆರಳು ಮೆಲ್ಲಗೆ ಚಲಿಸಿತು. ಟಿಕ್. ಅಷ್ಟು ಗಲಾಟೆಯ ನಡುವೆ ಆ ಟಿಕ್ ನನಗೆ ಕೇಳಿಸಿತು.

"ಗಾಳಿ ಹೆಂಗಿತ್ತು?" ಎಂದ.

"ಯಾವ ಗಾಳಿ?"

"ಎರಡನೇ ಬೇಸಿಗೆ ಚೆಂಡು ಓಟಗಾರನಿಗಿಂತ ಮೊದಲು ಹೋಯ್ತಲ್ವಾ?"

"ಹೋಯ್ತು, ಆದ್ರೆ..."

"ಹಂಗಾದ್ರೆ ಅಲ್ಲೂ ಔಟ್. ಗಾಳಿ ಇತ್ತು, ಲೊನ್ನಿ."

ತಿರುಗಿ ಎಲ್ಲರಿಗೂ ಕೇಳುವ ಹಾಗೆ ಸಾರಿದ. ಅಂಪೈರುಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಮುಖ್ಯ ಅಂಪೈರಿನ ಮಾತೇ ಕೊನೆ. ಗಾಳಿಯಿತ್ತು. ಅದು ಸಾಧಾರಣ ಪ್ರಯತ್ನದಿಂದ ಹಿಡಿಯುವ ಚೆಂಡಾಗಿರಲಿಲ್ಲ. ಇದು ತನ್ನ ನಿರ್ಣಯ. ಮೂರನೇ ಬೇಸಿನಲ್ಲಿ ಔಟ್, ಎರಡನೇ ಬೇಸಿನಲ್ಲಿ ಔಟ್, ಪಂದ್ಯ ಮುಗಿಯಿತು.

ನಿರ್ಣಯ! ಆ ಪದವನ್ನು ಅವನು ಸುಮ್ಮನೆ ಆರಿಸಲಿಲ್ಲ. ನಿಯಮವನ್ನು ತಪ್ಪಾಗಿ ಬಳಸಿದರೆ ಲೀಗಿನ ಮಂಡಳಿಗೆ ದೂರು ಕೊಡಬಹುದು. ಔಟಿನ ಲೆಕ್ಕ ತಪ್ಪಿದ್ದಕ್ಕೆ ನಿಯಮ ಬಿಟ್ಟೆ ಎಂದರೆ ಸಿಕ್ಕಿಬೀಳುತ್ತಾನೆ. ಹಿಡಿಯಲಾಗದ ಚೆಂಡು ಅನ್ನಿಸಿತು ಎಂದರೆ ಯಾರೂ ಮುಟ್ಟುವ ಹಾಗಿಲ್ಲ. ಅನ್ನಿಸಿದ್ದಕ್ಕೆ ದೂರಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಾಟನ್‌ಸ್ಟೀನ್ ಅರಚಿದ: "ಹಿಡಿಯೋಕಾಗಲ್ವಾ? ಗಸ್‌ಗಾ? ರೀ, ಈ ಲೀಗಲ್ಲೇ ಅವನಂಥ ಶಾರ್ಟ್‌ಸ್ಟಾಪ್ ಇನ್ನೊಬ್ಬ ಇಲ್ಲ! ನಿದ್ದೇಲೂ ಹಿಡೀತಾನೆ ಅವನು!"

ನಮ್ಮ ಮ್ಯಾನೇಜರ್ ಸ್ಟಾಶ್ ಬೆಡ್ನಾರ್ ಓಡಿ ಬಂದ. "ಯಾರು, ನಮ್ ಗಸ್ಸಾ? ಅಯ್ಯೋ ಬಿಡಣ್ಣಾ! ತಟ್ಟೇಲಿರೋ ಪಿರೋಗಿನೇ ಬಾಯಿಗೆ ತಲುಪ್ಸಲ್ಲ ಅವನು, ಅರ್ಧ ಅಂಗಿ ಮೇಲೆ ಬೀಳ್ಸ್ಕೋತಾನೆ. ಆ ಹೊಟ್ಟೆ ನೋಡು, ಆ ಮಂಡಿ ನೋಡು!"

"ಹೌದೌದು," ಎಂದು ಬೆಂಚಿನಿಂದ ಇನ್ನೊಬ್ಬ. "ಹೋದ್ ವಾರ ಮನೆ ಬೀಗದ ಕೈ ಎಸೆದೆ, ಅದನ್ನೂ ಬಿಟ್ಟ!"

ಎದುರಾಳಿಗಳು ನಮ್ಮವನನ್ನು ಹೊಗಳುತ್ತಿದ್ದರು. ನಮ್ಮವರು ನಮ್ಮವನನ್ನೇ ಹೀಗಳೆಯುತ್ತಿದ್ದರು. ಹದಿನೆಂಟು ವರ್ಷ ಅವನ ಕೈ ನೋಡಿ ಬಿಯರ್ ಕುಡಿಸಿದವರು, ಒಂದು ಸಾಲು ಹೆಸರಿಗಾಗಿ, ಅವನಿಗೆ ಕೈಯೇ ಇಲ್ಲ ಎನ್ನುತ್ತಿದ್ದರು. ಗಸ್ ನಡುವೆ ನಿಂತು ನಗುತ್ತಿದ್ದ. ಆ ನಗುವಿಗೆ ಏನನ್ನಬೇಕೋ ನನಗೆ ತಿಳಿಯದು.

ಔಲ್ ಕ್ರೀಕಿನವರು ದೂರು ಬರೆದುಕೊಟ್ಟರು. ಬುಧವಾರ ಸಂಜೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ವಿಚಾರಣೆ. ನಾನು ಟ್ರಕ್ ನಿಲ್ಲಿಸುವಾಗ ಫೆಟರಾಲ್ಫ್ ಹೊರಗೆ ಕಾಯುತ್ತಿದ್ದ. ಎಂದೂ ಇಲ್ಲದ ಹಾಗೆ ಹೆಗಲ ಮೇಲೆ ಕೈಹಾಕಿದ.

"ಊಟ ಆಯ್ತೇನಪ್ಪಾ? ಒಳಗೆ ಹಲುಷ್ಕಿ ಮಾಡಿದಾರೆ, ಎಲೆಕೋಸು ನೂಡಲ್‌ಗೆ ಒಳ್ಳೆ ಬೆಣ್ಣೆ ಹಾಕಿ." ಜೇಬಿನಿಂದ ಕಾಗದ ತೆಗೆದು ಬಿಡಿಸಿದ. ರಾಜ್ಯ ಪಂದ್ಯಾವಳಿಯ ಪಟ್ಟಿ. ಪ್ಲೇಟ್ ಎಂಬ ಸಾಲಿನ ಮುಂದೆ ಎಲ್. ಯುರ್ಕನಿನ್. "ನೋಡಿದ್ಯಾ? ಮೂರು ವರ್ಷದಿಂದ ನಿನ್ನ ಗಮನಿಸ್ತಾನೇ ಇದೀನಿ. ನಿಂಗೆ ಕಣ್ಣಿದೆ."

ಹೆಸರು ಪೆನ್ಸಿಲಿನಲ್ಲಿತ್ತು. ಉಳಿದವರದೆಲ್ಲ ಶಾಯಿಯಲ್ಲಿ.

"ಒಳಗೆ ನಾನು ಏನ್ ಹೇಳ್ಬೇಕು, ಸಾರ್?"

"ಜಾಸ್ತಿ ಏನಿಲ್ಲ. ನಾವಿಬ್ರೂ ಗಾಳಿ ಬಗ್ಗೆ ಮಾತಾಡಿದ್ವಿ ಅನ್ನು. ಸುಳ್ಳೇನಲ್ವಲ್ಲ, ಮಾತಾಡಿದ್ವಿ ತಾನೆ?"

ಮಾತಾಡಿದ್ದೆವು, ನಿಜ. ಈ ಮನುಷ್ಯನ ಬುದ್ಧಿಯೇ ಬುದ್ಧಿ. ಸುಳ್ಳನ್ನು ಕೂಡ ಉತ್ತರ ಸರಿ ಬರುವ ಹಾಗೆ ಬಿಡಿಸುತ್ತಾನೆ. ಆ ಕಾಗದದ ಮೇಲಿನ ನನ್ನ ಹೆಸರನ್ನು ನಾನು ತುಂಬಾ ಹೊತ್ತು ನೋಡಿದೆ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಳಗೆ ಉದ್ದ ಮೇಜು. ಮಂಡಳಿಯ ಅಧ್ಯಕ್ಷೆ ಡೊಲೊರಿಸ್ ಕ್ಲೆಮ್, ಅದೇ ಸಭಾಂಗಣದ ಬಾರ್ ನಡೆಸುವವಳು. ಅವಳ ಆಚೆ ಈಚೆ ಇಬ್ಬರು ಸದಸ್ಯರು, ಇಬ್ಬರ ಬಾಯಲ್ಲೂ ಹಲುಷ್ಕಿ. ಹಾಟನ್‌ಸ್ಟೀನ್ ಫೋನಿನಲ್ಲಿ ವಿಡಿಯೋ ತಂದಿದ್ದ. ನಿರ್ಣಯವನ್ನು ವಿಡಿಯೋ ನೋಡಿ ಅಳೆಯುವ ಪದ್ಧತಿ ನಮ್ಮ ಲೀಗಿನಲ್ಲಿಲ್ಲ ಎಂದು ಡೊಲೊರಿಸ್ ಆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನಮಗೆ ಬೇಕಾಗಿರೋದು ಇಷ್ಟೇ," ಎಂದಳು. "ಫೆಟರಾಲ್ಫ್ ಮೇಷ್ಟ್ರು ಚೆಂಡು ನೋಡಿ ತೀರ್ಮಾನ ಮಾಡಿದ್ರಾ, ಇಲ್ಲಾ ಔಟ್ ಎ‍ಣಿಸೋದ್ರಲ್ಲಿ ಎಡವಿದ್ರಾ? ಲೊನ್ನಿ, ನೀನೇ ಅಲ್ಲಿದ್ದವನು. ಅವರು ನಿಂಗೆ ಏನಂದ್ರು?"

ಗೋಡೆಯ ಪಕ್ಕ ನಮ್ಮ ತಂಡ ಪೂರ್ತಿ ಕೂತಿತ್ತು. ಗಸ್ ಕೊನೆಯ ಕುರ್ಚಿಯಲ್ಲಿ, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು. ಅವನನ್ನು ನೋಡಿಯೇ ನಾನು ಬಾಯಿ ಬಿಟ್ಟೆ. ಇಡೀ ಊರು ಅವನನ್ನು ಕೈಲಾಗದವನು ಅಂದಿತ್ತು. ಒಬ್ಬನಾದರೂ ಅಲ್ಲ ಅನ್ನಬೇಕಿತ್ತು.

"ಎರಡು ಔಟ್ ಆಗಿದೆ ಅಂದ್ರು," ಎಂದೆ. "ನಾನು ಒಂದೇ ಅಂದೆ. ಆಗ ಕೈಯಲ್ಲಿದ್ದ ಡಬ್ಬಿ ನೋಡ್ಕೊಂಡು ಒಂದು ಹಿಂದಕ್ಕೆ ತಿರುಗಿಸಿದ್ರು. ಗಾಳಿ ಮಾತು ಬಂದಿದ್ದು ಆಮೇಲೆ. ಮೂರನೇ ಬೇಸಲ್ಲಿ ಔಟ್ ಕೊಟ್ಟು ಬೆನ್ನು ತಿರುಗಿಸಿ ಹೊರಟಿದ್ರು, ಎರಡನೇದನ್ನ ಅವರು ನೋಡೇ ಇಲ್ಲ. ಗಾಳಿ ಇರ್ಲಿಲ್ಲ. ಗಸ್ ಅದನ್ನ ಎದ್ದು ಬಿದ್ದು ಹಿಡಿಯೋ ಹಂಗೇ ಇರ್ಲಿಲ್ಲ, ನಿಂತೇ ಇದ್ದ. ಬೇಕಂತ ಬಿಟ್ಟ. ಚೆನ್ನಾಗಿ ಬಿಟ್ಟ."

ಗೋಡೆಯ ಪಕ್ಕದಿಂದ ಸ್ಟಾಶ್ ಎದ್ದ. "ಲೇ ಲೊನ್ನಿ! ಯಾವೂರಿನೋನೋ ನೀನು?"

"ಕೂತ್ಕೋ ಸ್ಟಾಶ್," ಎಂದಳು ಡೊಲೊರಿಸ್.

ಫೆಟರಾಲ್ಫ್ ಸಿಟ್ಟಾಗಲಿಲ್ಲ. ನಿಟ್ಟುಸಿರು ಬಿಟ್ಟ. "ಲೊನ್ನಿ ಒಳ್ಳೆ ಹುಡುಗ. ನನ್ನ ವಿದ್ಯಾರ್ಥಿ. ಹೆಚ್ಚು ದಿನ ಇರ್ಲಿಲ್ಲ ಅನ್ನಿ. ಮೂವತ್ತೊಂದು ವರ್ಷದಿಂದ ನಾನು ಈ ಊರಿನ ಮಕ್ಕಳಿಗೆ ಎಣಿಸೋದು ಕಲಿಸ್ತಿದೀನಿ. ಇವನು ಹತ್ತನೇ ಕ್ಲಾಸಲ್ಲಿ ಬೋರ್ಡ್ ಬಿಟ್ಟು ಓಡಿಹೋದ. ಎರಡೋ ಒಂದೋ ಅನ್ನೋ ವಿಷಯದಲ್ಲಿ ನೀವು ಯಾರ ಮಾತು ನಂಬ್ತೀರೋ ನಿಮಗೆ ಬಿಟ್ಟಿದ್ದು."

ಮೇಜಿನ ಹಿಂದಿನವನೊಬ್ಬ ನಕ್ಕ, ನೂಡಲ್ ಗಂಟಲಿಗೆ ಸಿಕ್ಕಿ ಕೆಮ್ಮಿದ.

ನನ್ನ ಕಿವಿ ಕಾದು ಕೆಂಡವಾಯಿತು. ಆದರೂ ಕೂತಿದ್ದೆ, ಯಾಕೆಂದರೆ ಗಸ್ ಇನ್ನೂ ಮಾತಾಡಿರಲಿಲ್ಲ. ಡೊಲೊರಿಸ್ ಅವನನ್ನು ಕರೆದಳು.

"ಗಸ್, ನೇರವಾಗಿ ಕೇಳ್ತೀನಿ, ನೇರವಾಗಿ ಹೇಳು. ಆ ಚೆಂಡು ನಿನ್ನ ಕೈಗೆ ಸಿಗ್ತಿತ್ತಾ?"

ಗಸ್ ಟೋಪಿಯನ್ನು ತಿರುಗಿಸಿದ. ಒಮ್ಮೆ ನನ್ನನ್ನು ನೋಡಿದ. ಆಮೇಲೆ ನನ್ನ ತಲೆಯ ಮೇಲೆ, ಗೋಡೆಯ ಹಲಗೆಯನ್ನು ನೋಡಿದ. ಹತ್ತೊಂಬತ್ತು ವರ್ಷದಿಂದ ಖಾಲಿ ಬಿದ್ದ ಜಾಗವನ್ನು.

"ಇಲ್ಲ," ಎಂದ.

"ಯಾಕೆ?"

"ಮಂಡಿ ನೋವು. ಗಾಳಿ ಬೇರೆ. ವಯಸ್ಸಾಯ್ತಲ್ಲ, ಡೊಲೊರಿಸ್. ಬಿಟ್ಟಿದ್ದಲ್ಲ ಅದು. ಸಿಗ್ಲಿಲ್ಲ."

ಹಾಟನ್‌ಸ್ಟೀನ್ ಮೇಜಿಗೆ ಗುದ್ದಿದ. "ನಾಚಿಕೆ ಆಗಲ್ವಾ ನಿಂಗೆ? ಇಂಥ ಕೈ ಇಟ್ಕೊಂಡು?"

ಗಸ್ ಹೋಗಿ ಕುರ್ಚಿಯಲ್ಲಿ ಕೂತ. ಸ್ಟಾಶ್ ಅವನ ಬೆನ್ನು ತಟ್ಟಿದ.

ಐದು ನಿಮಿಷದಲ್ಲಿ ತೀರ್ಪು ಬಂತು. ಅದು ನಿರ್ಣಯದ ವಿಷಯ, ಆಟಗಾರನೇ ಹಿಡಿಯಲಾಗುತ್ತಿರಲಿಲ್ಲ ಎಂದಿರುವಾಗ ಮುಖ್ಯ ಅಂಪೈರಿನ ನಿರ್ಣಯವನ್ನು ಪ್ರಶ್ನಿಸಲು ಕಾರಣವಿಲ್ಲ, ದೂರು ವಜಾ. ಪ್ಯಾಚಿನವರು ಕುರ್ಚಿಗಳನ್ನು ಉರುಳಿಸಿ ಕುಣಿದರು. ಫೆಟರಾಲ್ಫ್ ಮೇಜಿನ ಮೇಲೆ ಆ ಕಾಗದ ಬಿಡಿಸಿ, ಜೇಬಿನಿಂದ ರಬ್ಬರ್ ತೆಗೆದು ಉಜ್ಜಿದ. ಗಣಿತದ ಮೇಷ್ಟ್ರುಗಳ ಜೇಬಿನಲ್ಲಿ ರಬ್ಬರ್ ಇದ್ದೇ ಇರುತ್ತದೆ. ಉಜ್ಜಿ, ಪುಡಿಯನ್ನು ಬಾಯಿಂದ ಊದಿ, ಕಾಗದ ಮಡಚಿಟ್ಟುಕೊಂಡ. ನಾನು ನೋಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು.

ಆಗಸ್ಟ್ ಬಂತು, ಹೋಯಿತು. ರಾಜ್ಯ ಪಂದ್ಯಾವಳಿಗೆ ಬೇರೆ ಯಾರೋ ಹೋದರು. ಮುಂದಿನ ವರ್ಷದ ಅಂಪೈರುಗಳ ಪಟ್ಟಿಯನ್ನು ಸಭಾಂಗಣದ ಬಾಗಿಲಿಗೆ ಅಂಟಿಸಿದ್ದಾರೆ, ಅದರಲ್ಲಿ ಬೇಸಿಗೂ ನನ್ನ ಹೆಸರಿಲ್ಲ. ಊರವರು ಟೈರಿಗೆ ನನ್ನ ಹತ್ತಿರ ಬರುವುದು ಬಿಟ್ಟಿಲ್ಲ, ಬೇರೆ ಅಂಗಡಿ ಹನ್ನೆರಡು ಮೈಲಿ ದೂರ. ಆದರೆ ಟ್ರಕ್ಕಿನಿಂದ ಇಳಿಯುವುದಿಲ್ಲ. ಗಾಜು ಇಳಿಸಿ, "ನೋಡ್ಕೊಂಡು ಬಿಗಿಯಪ್ಪಾ, ಎಷ್ಟು ಬೋಲ್ಟ್ ಅಂತ ಎಣಿಸ್ಕೋ," ಎನ್ನುತ್ತಾರೆ.

ಹಲಗೆಯಲ್ಲಿ ಹೊಸ ಸಾಲು ಕೆತ್ತಿದ್ದಾರೆ. ಜಿ. ಡಲೇಸಿಯೊ ಎಂದು ಚೆನ್ನಾಗಿಯೇ ಕಾಣುತ್ತದೆ.

ಅಕ್ಟೋಬರಿನಲ್ಲಿ ಗಸ್ ಬಂದ. ಜಲ್ಲಿ ಲಾರಿಯ ಹಿಂದಿನ ಚಕ್ರ ಪಂಕ್ಚರ್. ಅವನು ಮಾತ್ರ ಇಳಿದ. ಎಣ್ಣೆ ಡಬ್ಬದ ಮೇಲೆ ಕೂತು ನಾನು ಬೋಲ್ಟ್ ಬಿಚ್ಚುವುದನ್ನು ನೋಡಿದ. ಮೊಳೆಯಲ್ಲಿದ್ದ ಮಾಸ್ಕ್ ಕಡೆ ಗದ್ದ ಎತ್ತಿದ.

"ಅದರ ಮೇಲೆ ಧೂಳು ಕೂತಿದೆ ನೋಡೋ."

"ಕೂತ್ಕೊಳ್ಲಿ ಬಿಡು."

"ಕೋಪನಾ, ಮರಿ?"

ನಾನು ಪಾನಾ ಕೆಳಗಿಟ್ಟೆ. "ನಿಂಗೋಸ್ಕರ ಹೇಳ್ದೆ ನಾನು. ಅಷ್ಟು ಜನದ ಮುಂದೆ. ನನ್ ಹೆಸರು ಅಲ್ಲೇ ಕಾಗದದ ಮೇಲಿತ್ತು, ಗೊತ್ತಾ ನಿಂಗೆ? ನೀನು ಒಂದು 'ಹೂಂ' ಅಂದಿದ್ರೆ ಸಾಕಿತ್ತು."

"ಅಂದಿದ್ರೆ ಏನಾಗ್ತಿತ್ತು? ಆಟ ಅಲ್ಲಿಂದ್ಲೇ ಮತ್ತೆ ಆಡಿಸೋರು. ಅವರು ಎರಡು ರನ್ ಹೊಡೆದು ಹೋಗೋರು. ನಿಂಗೊತ್ತು, ನಮ್ ಚೆಂಡು ಎಸೆಯೋನ ಕೈ ಸತ್ತೋಗಿತ್ತು." ಮಂಡಿ ಉಜ್ಜಿಕೊಂಡ. "ಹದಿನೆಂಟು ವರ್ಷ ಎಲ್ಲಾನೂ ಹಿಡಿದೆ ಕಣೋ. ಏನು ಸಿಕ್ತು? ಒಂದು ಬಿಟ್ಟೆ, ಹೆಸರು ಗೋಡೆ ಮೇಲೆ ಬಂತು."

 ನನಗೆ ಸಿಟ್ಟು ಇನ್ನಷ್ಟು ಏರಿತು. ಕೈಯಲ್ಲಿ ಬಿಚ್ಚಿದ ಬೋಲ್ಟ್ ಇತ್ತು, ಭಾರದ್ದು, ಗ್ರೀಸಿನಲ್ಲಿ ಅದ್ದಿದ್ದು. ಅದನ್ನು ಮೇಲಕ್ಕೆ ಎಸೆದೆ. ಬೇಕಂತಲೇ ಅವನಿಂದ ದೂರಕ್ಕೆ, ತಗಡಿನ ಮಾಡಿಗೆ ತಾಗುವಷ್ಟು ಎತ್ತರಕ್ಕೆ, ದೀಪದ ಬೆಳಕು ನೇರ ಕಣ್ಣಿಗೆ ಹೊಡೆಯುವ ಕಡೆಗೆ.

ಗಸ್ ಎದ್ದದ್ದು ನನಗೆ ಕಾಣಿಸಲಿಲ್ಲ. ಅವನು ಆಗಲೇ ಅದರ ಕೆಳಗೆ ಇದ್ದ.

ನನ್ನ ಬಲಗೈ ತಾನಾಗಿ ಮೇಲೆ ಹೋಗಿತ್ತು. ಬೆರಳು ಮಾಡಿನ ಕಡೆ ನೆಟ್ಟಿತ್ತು. ಬಾಯಿಂದ ಮಾತ್ರ ಏನೂ ಹೊರಡಲಿಲ್ಲ.

ಅವನು ಎಡಗೈ ಚಾಚಿ, ನೋಡುವ ಗೋಜಿಗೂ ಹೋಗದೆ, ಅದನ್ನು ಅಂಗೈಗೆ ಇಳಿಸಿಕೊಂಡ. ಗ್ರೀಸನ್ನು ಪ್ಯಾಂಟಿಗೆ ಒರೆಸಿದ. ನನ್ನ ಎತ್ತಿದ ಕೈ ನೋಡಿದ, ತೆರೆದ ಬಾಗಿಲ ಕಡೆ ನೋಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ.

"ಇಳಿಸೋ," ಎಂದ ಮೆಲ್ಲಗೆ. "ಯಾರಾದ್ರೂ ನೋಡಿದ್ರೆ..."

ನಾನು ಇಳಿಸಲಿಲ್ಲ. ಅವನು ಬೋಲ್ಟನ್ನು ಎಣ್ಣೆ ಡಬ್ಬದ ಮೇಲಿಟ್ಟು, ಹೊರಗೆ ಲಾರಿಯ ಪಕ್ಕ ಹೋಗಿ ನಿಂತ. ಅಂಗಡಿಗೆ ಬೆನ್ನು ಹಾಕಿಕೊಂಡು.